ಕಾಲೇಜು ಬೇಸ್‌ಬಾಲ್: ತಂಡದ ಬಲವನ್ನು ಮೊದಲೇ ಅಳೆಯುವುದು ಹೇಗೆ?

ಅಮೆರಿಕದ ಕಾಲೇಜುಗಳಲ್ಲಿ ಬೇಸ್‌ಬಾಲ್ ಪಂದ್ಯಗಳು ಫೆಬ್ರವರಿ ಮಧ್ಯದಲ್ಲಿ ಆರಂಭವಾಗುತ್ತವೆ. ಅದಕ್ಕೂ ಮೊದಲೇ ಯಾವ ತಂಡಕ್ಕೆ ಎಷ್ಟನೆಯ ಸ್ಥಾನ ಎಂಬ ಪಟ್ಟಿಗಳು ಹೊರಬರುತ್ತವೆ. ಒಂದು ಪಂದ್ಯವೂ ನಡೆಯದೆ ತಂಡದ ಬಲವನ್ನು ಹೇಗೆ ಹೇಳುತ್ತಾರೆ? ನಮ್ಮಲ್ಲಿ ಕ್ರಿಕೆಟ್ ನೋಡುವವರೇ ಹೆಚ್ಚು. ಆದರೂ ಈ ಪ್ರಶ್ನೆಯ ಬೆನ್ನು ಹತ್ತಿದಾಗ, ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿಯುವ ಸರಾಸರಿಗಳು ಎಲ್ಲಿ ಕೆಲಸಕ್ಕೆ ಬರುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದು ನನಗೆ ಸ್ಪಷ್ಟವಾಯಿತು.

ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಒಂದು ಇನ್ನಿಂಗ್ಸ್‌ನಲ್ಲಿ ಅವನ ತಂಡ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಕ್ರಿಕೆಟ್‌ನಂತೆ ಓವರಿಗೊಮ್ಮೆ ಬೌಲರ್ ಬದಲಾಗುವುದಿಲ್ಲ. ಒಬ್ಬನೇ ಸತತವಾಗಿ ಎಸೆಯುತ್ತಾನೆ, ಒಮ್ಮೆ ಹೊರಗೆ ಹೋದವನು ಮತ್ತೆ ಎಸೆಯಲು ಬರುವುದಿಲ್ಲ. ಆದ್ದರಿಂದ ತಂಡವನ್ನು ಅಳೆಯುವವರು ಮೊದಲು ನೋಡುವುದು ಪಿಚರ್‌ಗಳ ಬಳಗವನ್ನು.

ಇಲ್ಲಿ ಒಂದು ಸರಳ ಲೆಕ್ಕವಿದೆ. ಮೇಲ್ದರ್ಜೆಯ ಕಾಲೇಜು ತಂಡಗಳು ಮುಖ್ಯ ಸುತ್ತಿನಲ್ಲಿ ಗರಿಷ್ಠ 56 ಪಂದ್ಯಗಳನ್ನು ಆಡಬಹುದು. ಸಾಮಾನ್ಯವಾಗಿ ಶುಕ್ರವಾರ, ಶನಿವಾರ, ಭಾನುವಾರ ಒಂದೊಂದು ಪಂದ್ಯ, ವಾರದ ನಡುವೆ ಇನ್ನೊಂದು. 56 ಪಂದ್ಯಗಳೆಂದರೆ ಸುಮಾರು 504 ಇನ್ನಿಂಗ್ಸ್. ವಾರಾಂತ್ಯದ ಮೂವರು ಪ್ರಮುಖ ಪಿಚರ್‌ಗಳು 14 ವಾರವೂ ತಪ್ಪದೆ ಆರಾರು ಇನ್ನಿಂಗ್ಸ್ ಎಸೆದರೂ ಆಗುವುದು 252, ಅಂದರೆ ಅರ್ಧ ಮಾತ್ರ. ಉಳಿದರ್ಧವನ್ನು ಯಾರು ಎಸೆಯುತ್ತಾರೆ? ಪಟ್ಟಿ ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯ ಪ್ರಶ್ನೆ: ಕಳೆದ ವರ್ಷ ಎಸೆದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ನಾಲ್ಕು ವರ್ಷದ ಕಾಲೇಜಿನ ಆಟಗಾರರು ಸಾಮಾನ್ಯವಾಗಿ ಮೂರನೆಯ ವರ್ಷದ ನಂತರ ವೃತ್ತಿಪರ ತಂಡಗಳ ಆಯ್ಕೆಗೆ ಅರ್ಹರಾಗುತ್ತಾರೆ. ಚೆನ್ನಾಗಿ ಆಡಿದವರು ಹಾಗೆ ಹೊರಟುಬಿಡುತ್ತಾರೆ. ಜೊತೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದು ಈಗ ಸುಲಭವಾಗಿದೆ. ಹಾಗಾಗಿ ಕಾಲೇಜಿನ ಹೆಸರು ನೋಡಿ ಸ್ಥಾನ ಕೊಟ್ಟರೆ, ಹೋದ ವರ್ಷದ ತಂಡಕ್ಕೆ ಅಂಕ ಕೊಟ್ಟಂತಾಗುತ್ತದೆ.

ಮೂರನೆಯದು ಅಂಕಿಅಂಶಗಳ ಆಯ್ಕೆ. ಪಿಚರ್ ತನ್ನ ಹೊಣೆಯಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎಂಬುದು ಹಳೆಯ ಅಳತೆ. ಇದಕ್ಕೆ ಇಆರ್‌ಎ ಎಂದು ಹೆಸರು. ಆದರೆ ಕ್ಷೇತ್ರರಕ್ಷಕರು ಚುರುಕಾಗಿದ್ದರೆ ಸಾಧಾರಣ ಪಿಚರ್‌ನ ಇಆರ್‌ಎ ಕೂಡ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಸ್ಟ್ರೈಕ್‌ಔಟ್‌ಗಳನ್ನೂ ವಾಕ್‌ಗಳನ್ನೂ ಬೇರೆಯಾಗಿ ನೋಡುತ್ತಾರೆ. ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿದರೆ ಸ್ಟ್ರೈಕ್‌ಔಟ್. ನಾಲ್ಕು ಎಸೆತ ಗುರಿ ತಪ್ಪಿ, ಬ್ಯಾಟರ್ ಬಿಟ್ಟಿಯಾಗಿ ಮೊದಲ ಬೇಸ್‌ಗೆ ನಡೆದರೆ ವಾಕ್. ಇವೆರಡರಲ್ಲಿ ಕ್ಷೇತ್ರರಕ್ಷಕರ ಪಾತ್ರ ಬಹಳ ಕಡಿಮೆ.

2023ರ ಲೂಯಿಸಿಯಾನ ಸ್ಟೇಟ್ ತಂಡ ಇದಕ್ಕೆಲ್ಲ ಒಳ್ಳೆಯ ಉದಾಹರಣೆ. ಏರ್ ಫೋರ್ಸ್ ಅಕಾಡೆಮಿಯಿಂದ ಆ ತಂಡಕ್ಕೆ ಬಂದ ಪಾಲ್ ಸ್ಕೀನ್ಸ್ ಆ ವರ್ಷ 209 ಸ್ಟ್ರೈಕ್‌ಔಟ್ ಪಡೆದರು. ಕೊಟ್ಟ ವಾಕ್ ಕೇವಲ 20. ಅವರ ಇಆರ್‌ಎ 1.69. ಆದರೆ ಒಮಾಹಾ ನಗರದಲ್ಲಿ ಫ್ಲೋರಿಡಾ ವಿರುದ್ಧ ಮೂರು ಪಂದ್ಯಗಳ ಫೈನಲ್ ನಡೆದಾಗ ಸ್ಕೀನ್ಸ್ ಒಂದು ಚೆಂಡನ್ನೂ ಎಸೆಯಲಿಲ್ಲ. ಎರಡು ದಿನ ಮೊದಲಷ್ಟೇ ವೇಕ್ ಫಾರೆಸ್ಟ್ ವಿರುದ್ಧ ಅವರು ಎಂಟು ಇನ್ನಿಂಗ್ಸ್ ಎಸೆದಿದ್ದರು. ಫೈನಲ್‌ನ ಮೊದಲ ಪಂದ್ಯದಲ್ಲಿ ಟೈ ಫ್ಲಾಯ್ಡ್ 17 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ತಂಡ 4-3ರಿಂದ ಗೆದ್ದಿತು. ಎರಡನೆಯದರಲ್ಲಿ 4-24ರಿಂದ ಸೋತಿತು. ಮೂರನೆಯದನ್ನು 18-4ರಿಂದ ಗೆದ್ದು ಪ್ರಶಸ್ತಿ ಪಡೆಯಿತು. ಒಬ್ಬ ಅಸಾಧಾರಣ ಆಟಗಾರ ತಂಡವನ್ನು ಬಾಗಿಲವರೆಗೆ ತರಬಲ್ಲ. ಒಳಗೆ ಕರೆದೊಯ್ಯಲು ಉಳಿದವರೂ ಬೇಕು.

ಇಷ್ಟೆಲ್ಲ ಲೆಕ್ಕದ ನಡುವೆ ಮರೆಯಬಾರದ ಮಾತೊಂದಿದೆ. ಈ ಪಿಚರ್‌ಗಳು ಹೆಚ್ಚಾಗಿ ಹತ್ತೊಂಬತ್ತು, ಇಪ್ಪತ್ತರ ಹುಡುಗರು. ನಮಗಿಂತ ಎರಡು ಮೂರು ವರ್ಷ ದೊಡ್ಡವರು. ವೇಗವಾಗಿ ಎಸೆಯುವಾಗ ಮೊಣಕೈಯ ಒಳಬದಿಯ ಅಸ್ಥಿರಜ್ಜುವಿನ ಮೇಲೆ ಭಾರೀ ಒತ್ತಡ ಬೀಳುತ್ತದೆ. ಅದು ಹರಿದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮತ್ತೆ ಪಂದ್ಯಕ್ಕೆ ಮರಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ನಡೆಸಿದ ಈ ಶಸ್ತ್ರಚಿಕಿತ್ಸೆಗೆ ಆಟಗಾರ ಟಾಮಿ ಜಾನ್ ಅವರ ಹೆಸರೇ ನಿಂತಿದೆ. ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳ ಮಾರ್ಗಸೂಚಿಯ ಪ್ರಕಾರ 17-18 ವರ್ಷದವರು ಒಂದು ದಿನಕ್ಕೆ 105ಕ್ಕಿಂತ ಹೆಚ್ಚು ಎಸೆತ ಎಸೆಯಬಾರದು. ಮೂವರನ್ನೇ ನೆಚ್ಚಿಕೊಂಡ ತಂಡದಲ್ಲಿ ಸುಸ್ತಾದವನನ್ನೇ ಮತ್ತೆ ಕಣಕ್ಕಿಳಿಸುವ ಆಸೆ ತರಬೇತುದಾರರಿಗೆ ಬರುತ್ತದೆ. ಹಾಗಾಗಿ ಬಳಗ ದೊಡ್ಡದಿರುವುದು ಗೆಲುವಿಗೆ ಮಾತ್ರವಲ್ಲ, ಆ ಹುಡುಗರ ಕೈಗೂ ರಕ್ಷಣೆ.

ಇಷ್ಟು ನೋಡಿದರೂ ಪಟ್ಟಿ ಭವಿಷ್ಯವಾಣಿಯಲ್ಲ. 2008ರಲ್ಲಿ ಫ್ರೆಸ್ನೊ ಸ್ಟೇಟ್ ತನ್ನ ಪ್ರಾದೇಶಿಕ ಗುಂಪಿನ ನಾಲ್ಕು ತಂಡಗಳಲ್ಲಿ ಕೊನೆಯ ಶ್ರೇಯಾಂಕ ಪಡೆದಿತ್ತು. ಆದರೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2016ರಲ್ಲಿ ಕೋಸ್ಟಲ್ ಕೆರೊಲಿನಾ ಮೊದಲ ಬಾರಿಗೆ ಒಮಾಹಾಕ್ಕೆ ಹೋಗಿ ಪ್ರಶಸ್ತಿಯೊಂದಿಗೇ ಮರಳಿತು.

ನಮ್ಮ ಅಂತರ ಕಾಲೇಜು ಪಂದ್ಯಗಳಿಗೆ ತಂಡ ಆರಿಸುವಾಗಲೂ ಇದೇ ಪ್ರಶ್ನೆಗಳನ್ನು ಕೇಳಬಹುದು. ನಮ್ಮ ಅತ್ಯುತ್ತಮ ಬೌಲರ್ ಯಾರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅವನಿಗೆ ವಿಶ್ರಾಂತಿ ಬೇಕಾದ ದಿನ ಚೆಂಡನ್ನು ಯಾರ ಕೈಗೆ ಕೊಡುತ್ತೇವೆ ಎಂದು ಮೊದಲೇ ಯೋಚಿಸಿರೋಣ.