ಖಡಿ ಡಾಂಬರು ಯಾಕ ಬಿಡತೈತಿ? ಮಳೆ ಆದ ಮ್ಯಾಲ ರಸ್ತೆ ಕಿತ್ತು ಬರೋ ಹಿಂದಿನ ಲೆಕ್ಕ

ರೋಣ: ಜೋರು ಮಳೆ ಆದ ಮರುದಿನ ತಗ್ಗು ಬಿದ್ದ ಜಾಗದಲ್ಲಿ ಸಡಿಲಾಗಿ ಬಿದ್ದಿರುವ ಖಡಿ ಒಂದನ್ನು ಎತ್ತಿ ನೋಡಿ. ಡಾಂಬರು ಹತ್ತಿದ ಗುರುತೇ ಇಲ್ಲದಂತೆ, ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ಅದು ನೀರಿನ ಕೆಲಸ. ಸುತ್ತಲೂ ಕರ್ರಗೇ ಇದ್ದರೆ ಕಾರಣ ಬೇರೆ ಇರಬಹುದು: ಡಾಂಬರು ಬಿಸಿಲಿಗೆ ಒಣಗಿರಬಹುದು, ಇಲ್ಲಾ ಕಮ್ಮಿ ಹಾಕಿರಬಹುದು. ನಾವು ಎಲ್ಲದಕ್ಕೂ "ಕಳಪೆ ಕಾಮಗಾರಿ" ಅಂತ ಒಂದೇ ಮಾತು ಅಂತೀವಿ. ಆದರೆ ಎಲ್ಲಿ ತಪ್ಪಾಯಿತು ಅಂತ ಕೇಳಬೇಕಾದರೆ ಈ ವ್ಯತ್ಯಾಸ ಗೊತ್ತಿರಬೇಕು.

ಡಾಂಬರು ಎಣ್ಣೆ ಜಾತಿಯದು. ಕಲ್ಲಿಗೆ ಎಣ್ಣೆಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಅದರಲ್ಲೂ ಬಿಳಿ ಹರಳು ಹೆಚ್ಚಿರುವ ಗ್ರಾನೈಟ್ ಜಾತಿಯ ಕಲ್ಲಿಗೆ ಇನ್ನೂ ಜಾಸ್ತಿ. ಹೀಗಾಗಿ ಸಂದಿಯಲ್ಲಿ ನೀರು ಹೊಕ್ಕಿತು ಅಂದರೆ ಡಾಂಬರಿನ ಪದರವನ್ನು ಮೆಲ್ಲಗೆ ಎಬ್ಬಿಸಿ ತಾನು ಕಲ್ಲಿಗೆ ಹತ್ತುತ್ತದೆ. ಬಾಗಲಕೋಟೆ, ಲೋಕಾಪುರ ಕಡೆ ಸಿಮೆಂಟ್ ಮಾಡುವ ಸುಣ್ಣದ ಕಲ್ಲು ಡಾಂಬರನ್ನು ಇದಕ್ಕಿಂತ ಗಟ್ಟಿ ಹಿಡಿಯುತ್ತದೆ. ಆದರೆ ಅದು ಚಕ್ರಕ್ಕೆ ಸವೆದು ಬೇಗ ನುಣುಪಾಗುತ್ತದೆ, ಬ್ರೇಕ್ ಹತ್ತಲ್ಲ. ಅದಕ್ಕೇ ಮೇಲ್ಪದರಕ್ಕೆ ಗಟ್ಟಿ ಕಲ್ಲೇ ಬೇಕು.

ನೀರು ನಿಂತರಷ್ಟೇ ಇಷ್ಟು ಹಾಳಾಗಲ್ಲ. ಮೇಲೆ ಗಾಡಿ ಓಡಬೇಕು. ಹಸಿ ರಸ್ತೆ ಮೇಲೆ ಕಬ್ಬಿನ ಟ್ರ್ಯಾಕ್ಟರ್, ಮರಳಿನ ಟಿಪ್ಪರ್ ಹೋದಾಗ ಚಕ್ರದ ಒತ್ತಡ ನೀರನ್ನು ಸಂದಿಯೊಳಗೆ ತುರುಕುತ್ತದೆ, ಚಕ್ರ ದಾಟಿದ ಮೇಲೆ ಮತ್ತೆ ಹೊರಗೆ ಎಳೆಯುತ್ತದೆ. ಪಂಪ್ ಹೊಡೆದ ಹಾಗೆ. ಇದು ಬಹಳ ಸಲ ಕೆಳಗಿನಿಂದ ಶುರು ಆಗುವುದರಿಂದ ಮೇಲೆ ರಸ್ತೆ ಚೆಂದ ಕಾಣುತ್ತಿರುತ್ತದೆ, ಒಂದು ದಿನ ಒಮ್ಮೆಲೇ ಕುಸಿಯುತ್ತದೆ. ಎರಡು ಮಳೆಗೆ ರೋಡ್ ಹೋಯ್ತು ಅಂತ ನಮಗೆ ಅನ್ನಿಸುವುದು ಇದಕ್ಕೇ.

ನಮ್ಮ ಮೂರೂ ತಾಲೂಕಿನಲ್ಲಿ ಮಳೆ ಕಮ್ಮಿ, ವರ್ಷಕ್ಕೆ 600 ಮಿ.ಮೀ. ಆಸುಪಾಸು. ಆದರೂ ರಸ್ತೆ ಯಾಕೆ ತಾಳಲ್ಲ? ನರಗುಂದ, ರೋಣದ ಎರಿ ಮಣ್ಣು ನೋಡಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲಿನ ರಸ್ತೆಯೂ ಅದರ ಜೊತೆ ಬಿರಿಯುತ್ತದೆ, ಆ ಬಿರುಕೇ ನೀರಿಗೆ ಬಾಗಿಲು. ಇನ್ನು 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಬೆಣ್ಣೆಹಳ್ಳ ಉಕ್ಕಿ ಕೊಣ್ಣೂರ, ಹೊಳೆಆಲೂರ ಕಡೆ ಆದದ್ದು ಎಲ್ಲರಿಗೂ ನೆನಪೈತಿ. ಹಾಗೆ ಮುಳುಗಿದ ರಸ್ತೆಗೆ ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ನೀರು.

ತಡೆಯೋಕೆ ದಾರಿ ಇದಾವೆ, ದೊಡ್ಡ ವಿಜ್ಞಾನ ಏನೂ ಬೇಡ. ಮೊದಲನೆಯದು ಖಡಿ ಧೂಳಿಲ್ಲದೆ ಒಣಗಿರಬೇಕು. ಕ್ರಷರ್ ಧೂಳು ಮೆತ್ತಿದ ಖಡಿಗೆ ಡಾಂಬರು ಹಾಕಿದರೆ ಅದು ಹತ್ತುವುದು ಧೂಳಿಗೆ, ಕಲ್ಲಿಗಲ್ಲ. ಪರೀಕ್ಷೆಯೂ ಸರಳ: ಡಾಂಬರು ಸವರಿದ ಖಡಿಯನ್ನು 40 ಡಿಗ್ರಿ ನೀರಿನಲ್ಲಿ 24 ತಾಸು ಇಡುತ್ತಾರೆ, ಆಮೇಲೆ ಎಷ್ಟು ಭಾಗ ಕರ್ರಗೆ ಉಳಿಯಿತು ಅಂತ ನೋಡುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ನಿಯಮದಂತೆ ಕನಿಷ್ಠ ಶೇ 95 ಉಳಿಯಬೇಕು. ಉಳಿಯದಿದ್ದರೆ ಅರಳಿಸಿದ ಸುಣ್ಣದ ಪುಡಿ, ಖಡಿಯ ತೂಕದ ಶೇ 2ರಷ್ಟು, ಇಲ್ಲಾ ಹಿಡಿತ ಹೆಚ್ಚಿಸುವ ರಾಸಾಯನಿಕ ಸೇರಿಸಬೇಕು. ಮನೆ ಗೋಡೆಗೆ ಹೊಡೆಯುವ ಸುಣ್ಣವೇ ನೋಡ್ರಿ. ಮದುರೈನ ಪ್ರಾಧ್ಯಾಪಕ ಆರ್. ವಾಸುದೇವನ್ ತೋರಿಸಿಕೊಟ್ಟ ದಾರಿ ಇನ್ನೊಂದು: ಬಿಸಿ ಖಡಿಗೆ ಮೊದಲು ಹರಿದ ಪ್ಲಾಸ್ಟಿಕ್ ಚೂರು ಹಾಕಿ ಕರಗಿಸಿದರೆ ಅದು ಕಲ್ಲಿನ ಮೇಲೆ ಪದರ ಕಟ್ಟುತ್ತದೆ. ನೀರು ಒಳಗೆ ಹೋಗಲ್ಲ, ಡಾಂಬರು ಬಿಡಲ್ಲ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಮಳೆ ಬರುತ್ತಿದ್ದಾಗ, ಇಲ್ಲವೇ ರಸ್ತೆ ಮೇಲೆ ನೀರು ನಿಂತಿದ್ದಾಗ ಬಿಸಿ ಡಾಂಬರು ಹಾಕುವಂತಿಲ್ಲ. ಇದೂ ನಿಯಮದಲ್ಲೇ ಇದೆ. ತಗ್ಗಿನ ನೀರು ತೆಗೆಯದೆ ಅದರ ಮೇಲೇ ಸುರಿದು ರೋಲರ್ ಹೊಡೆದರೆ ಫೋಟೋ ತೆಗೆದಿಟ್ಟುಕೊಳ್ಳಿ. ಗರಸು ಸುರಿದು ಹೋಗುವುದಂತೂ ರಿಪೇರಿನೇ ಅಲ್ಲ, ನೀರು ಹಿಡಿದಿಡುವ ಕೆಲಸ.

ಅಂಗಡಿಕಾರರಿಗೂ ಒಂದು ಮಾತು, ಬೇಜಾರಾಗಬ್ಯಾಡ್ರಿ. ಪ್ಯಾಟಿಯಲ್ಲಿ ಗಟಾರ ಮುಚ್ಚಿ ಕಟ್ಟೆ ಕಟ್ಟಿದ ಕಡೆಯೇ ರಸ್ತೆ ಅಂಚು ಮೊದಲು ಕೀಳುತ್ತದೆ. ರಸ್ತೆ ನಡು ಎತ್ತರ, ಎರಡೂ ಬದಿ ಇಳಿಜಾರು ಇಡುವುದೇ ನೀರು ಗಟಾರಕ್ಕೆ ಹೋಗಲಿ ಅಂತ. ನಳದ ಪೈಪಿಗೆ ಅಗೆದು ಬರೀ ಮಣ್ಣು ಮುಚ್ಚಿದ ಗೆರೆಯೂ ಹಂಗೇ.

ನಿಮ್ಮೂರ ರಸ್ತೆ ಯಾರದು ಅಂತ ಮೊದಲು ನೋಡಿಕೊಳ್ಳಿ: ಪುರಸಭೆ, ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಮಾಹಿತಿ ಹಕ್ಕಿನಡಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಿದರೆ ಖಡಿ ಮತ್ತು ಡಾಂಬರಿನ ಪರೀಕ್ಷಾ ವರದಿಯ ನಕಲು ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ಮೇಲೆ 5 ವರ್ಷ ನಿರ್ವಹಣೆ ಅದೇ ಗುತ್ತಿಗೆದಾರರದ್ದು. ರಸ್ತೆ ಬದಿಯ ಬೋರ್ಡ್ ಮೇಲೆ ಕಾಮಗಾರಿ ಮುಗಿದ ದಿನಾಂಕ ಇರುತ್ತದೆ, ಅಲ್ಲಿಂದ ಎಣಿಸಿ.