ಪಿಕಪ್ ಗಾಡಿಯು ಒಮ್ಮೊಮ್ಮೆ ಸ್ಟಾರ್ಟ್ ಆಗದಿರುವುದು

ಟೊಮೇಟೊ ಹೇರಿದ ಪಿಕಪ್ ಗಾಡಿಯು ಬೆಳಗಿನ ಜಾವ ಬರಿಯ ‘ಟಕ್’ ಶಬ್ದ ಮಾಡಿ ನಿಂತುಬಿಟ್ಟರೆ ರೈತನಿಗೆ ಅಂದಿನ ಮಾರುಕಟ್ಟೆಯೇ ತಪ್ಪುವುದು. ಮರುಗಳಿಗೆಯಲ್ಲಿ ಅದೇ ಗಾಡಿಯು ಸರಾಗವಾಗಿ ಸ್ಟಾರ್ಟ್ ಆಗುವುದೂ ಉಂಟು. ಇಂಥಲ್ಲಿ ಪರೀಕ್ಷಿಸದೆ ಹೊಸ ಬ್ಯಾಟರಿಗೆ ಹಣ ತೆರುವುದು ಯುಕ್ತವಲ್ಲ.

ದೋಷವು ತೋರಿರುವಾಗಲೇ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ವೋಲ್ಟ್ ಮೀಟರನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ತಾಗಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸತಕ್ಕದ್ದು. ಸುಮಾರು 12.6 ವೋಲ್ಟ್ ಇದ್ದುದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯು ದುರ್ಬಲವಾಗಿರಬಹುದು. ಅದನ್ನು ಚಾರ್ಜ್ ಮಾಡಿಸಿ ಪುನಃ ನೋಡತಕ್ಕದ್ದು. ಹೆಚ್ಚೇನೂ ಇಳಿಯದೆಯೂ ಎಂಜಿನ್ ತಿರುಗದಿದ್ದರೆ, ವಿದ್ಯುತ್ತಿಗೆ ದಾರಿಯಲ್ಲಿ ತಡೆಯುಂಟೆಂದು ತಿಳಿಯಬೇಕು.

ಆಗ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಬ್ಯಾಟರಿಯ ಎರಡು ಕೂಡಿಕೆಗಳನ್ನೂ ಎಂಜಿನ್ನಿನ ಅರ್ತಿಂಗ್ ತಂತಿಯ ತುದಿಗಳನ್ನೂ ಹೊಳೆಯುವಂತೆ ಉಜ್ಜಿ, ಬಿಗಿದು, ಮೈನಸನ್ನು ಕಡೆಯಲ್ಲಿ ಜೋಡಿಸತಕ್ಕದ್ದು. ಬಳಿಕವೂ ದೋಷವುಳಿದರೆ ಸ್ಟಾರ್ಟರನ್ನು ತಿಳಿದವರಿಂದ ಪರೀಕ್ಷಿಸಿಸುವುದು ಲೇಸು.