ಭಾಗಾಕಾರಕ್ಕೆ ಸಿಕ್ಕದ ಬೆಳಕು

ಆಟಿಕೆಯ ರೈಲಿಗೂ ಮಾದರಿ ರೈಲಿಗೂ ಇರುವ ಅಂತರವನ್ನು ಅರಿಯಬೇಕೆನ್ನುವವನು ರೈಲನ್ನಲ್ಲ, ಅದು ಬಂದು ನಿಲ್ಲುವ ನಿಲ್ದಾಣವನ್ನು ನೋಡಬೇಕು. ಆಟಿಕೆಯ ನಿಲ್ದಾಣದಲ್ಲಿ ಡ್ರೈವರನು ನಡು ಬಗ್ಗಿಸಿದರೂ ಬಾಗಿಲಿನೊಳಗೆ ಹೋಗಲಾರನು. ಮಾದರಿಯ ನಿಲ್ದಾಣದಲ್ಲಾದರೋ ಬಾಗಿಲು, ಕಿಟಕಿ, ಬೆಂಚು, ಗಂಟೆಯ ಬದಲಿಗೆ ತೂಗಹಾಕಿದ ಹಳೆಯ ಕಂಬಿಯ ತುಂಡು, ಇವೆಲ್ಲವೂ ಒಂದೇ ಭಾಜಕದಿಂದ ಭಾಗಿಸಲ್ಪಟ್ಟು, ಒಂದಕ್ಕೊಂದು ಹೊಂದಿಕೊಂಡು, ಒಂದೇ ಲೋಕದ ಪ್ರಜೆಗಳಂತೆ ನಿಂತಿರುತ್ತವೆ. ಎಚ್‌ಒ ಎಂದು ಪ್ರಸಿದ್ಧವಾದ ಅಳತೆಯಲ್ಲಿ ಆ ಭಾಜಕವು 87.

ಈ ವಿಚಿತ್ರ ಸಂಖ್ಯೆ ಬಂದುದು ನಿಜವಾದ ಒಂದು ಅಡಿಗೆ ಮೂರೂವರೆ ಮಿಲಿಮೀಟರ್ ಎಂಬ ಲೆಕ್ಕದಿಂದ. ಎರಡು ಕಂಬಿಗಳ ನಡುವೆ 1435 ಮಿ.ಮೀ. ಅಂತರವಿರುವ ಯೂರೋಪಿನ ಹಳಿ ಈ ಲೆಕ್ಕದಲ್ಲಿ 16.5 ಮಿ.ಮೀ. ಆಗುತ್ತದೆ. ಇಂಗ್ಲೆಂಡಿನ ಎಂಜಿನುಗಳು ಮೈಯಲ್ಲಿ ಚಿಕ್ಕವಾದುದರಿಂದ ಅಂದಿನ ಮೋಟಾರುಗಳು ಅವುಗಳ ಹೊಟ್ಟೆಯಲ್ಲಿ ಹಿಡಿಸದೆ, ಅಲ್ಲಿಯವರು ಎಂಜಿನನ್ನು ಅಡಿಗೆ ನಾಲ್ಕು ಮಿಲಿಮೀಟರಿನಂತೆ ಹಿಗ್ಗಿಸಿ ಹಳಿಯನ್ನು ಮಾತ್ರ ಮೊದಲಿನಂತೆಯೇ ಬಿಟ್ಟುಬಿಟ್ಟರು. ದಪ್ಪ ಮನುಷ್ಯನು ಮಗನ ಚಪ್ಪಲಿ ಮೆಟ್ಟಿ ನಡೆದಂತಿರುವ ಈ ಅಸಂಗತವನ್ನು ಅವರು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೂ ಮಿಗಿಲಾದ ಅಗಲ ಬರುತ್ತದೆ, ಅಂಥ ಹಳಿ ಅಂಗಡಿಗಳಲ್ಲಿ ದುರ್ಲಭ. ಮೀಟರ್‌ಗೇಜಾದರೆ ಹನ್ನೊಂದೂವರೆ, ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗಾಗಿ ತಯಾರಾಗುವ 12 ಮಿ.ಮೀ. ಹಳಿ ಅದಕ್ಕೆ ಸಾಕಷ್ಟು ಸಮೀಪ. ಹೀಗೆ, ಮಲೆನಾಡಿನದೊಂದು ಹಳೆಯ ನಿಲ್ದಾಣವನ್ನು ಕಟ್ಟಬೇಕೆಂಬ ನನ್ನ ಬಹುಕಾಲದ ಹಂಬಲಕ್ಕೆ ಆಲ್ಪ್ಸ್ ಪರ್ವತದ ಕಡೆಯಿಂದ ಸಹಾಯ ಒದಗಿತು.

ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣವನ್ನು ಶಂಕರ್‌ನಾಗರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನೋಡಿದವರು ಅನೇಕರು. ಅಲ್ಲಿಯ ಹಳೆಯ ಕಟ್ಟಡವು ಈಗ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಾಗಿದೆ. ನಾನು ಕೈಹಚ್ಚಿದುದು ಅದರ ಪ್ರತಿಕೃತಿಗಲ್ಲ, ಅದರ ಬಳಗಕ್ಕೆ ಸೇರಿದ, ಎರಡು ಕೋಣೆ ಒಂದು ಜಗಲಿಯ, ಹೆಂಚಿನ ಮಾಡಿನ ಕಟ್ಟಡವೊಂದಕ್ಕೆ. ನಕ್ಷೆ ದೊರೆಯದ ಕಟ್ಟಡವನ್ನು ಅಳೆಯುವುದಕ್ಕೆ ಸುಲಭೋಪಾಯವೊಂದುಂಟು: ಅಡಿಗೊಂದರಂತೆ ಗೆರೆ ಬಳಿದ ಉದ್ದನೆಯ ಕೋಲನ್ನು ಗೋಡೆಗೆ ಒರಗಿಸಿ, ಎದುರಿಗೆ ನೇರವಾಗಿ ನಿಂತು ಛಾಯಾಚಿತ್ರ ತೆಗೆದುಕೊಂಡರೆ, ಮಿಕ್ಕ ಅಳತೆಗಳನ್ನೆಲ್ಲ ಮನೆಯಲ್ಲಿ ಕುಳಿತು ಆ ಕೋಲಿನಿಂದಲೇ ಲೆಕ್ಕಹಾಕಿಕೊಳ್ಳಬಹುದು.

ಗೋಡೆಗೆ ರಟ್ಟು ಸಾಕು, ಚೂಪಾದ ಕಟರ್ ಬ್ಲೇಡೂ ಉಕ್ಕಿನ ಅಡಿಪಟ್ಟಿಯೂ ಇರಬೇಕು. ಹೊಸಬರು ತಪ್ಪುವುದು ದಪ್ಪದಲ್ಲಿ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಈ ಅಳತೆಯಲ್ಲಿ 2.6 ಮಿ.ಮೀ. ಆಗಬೇಕಾದಲ್ಲಿ ಅವರು ಒಂದು ಮಿಲಿಮೀಟರಿನ ರಟ್ಟನ್ನು ನಿಲ್ಲಿಸಿ, ಕಿಟಕಿಗಳು ಗೋಡೆಯ ಮೇಲೆ ಅಂಟಿಸಿದ ಚಿತ್ರಗಳಂತೆ ಕಾಣುವುದೇಕೆಂದು ಆಶ್ಚರ್ಯಪಡುತ್ತಾರೆ. ಎರಡು ಮೂರು ಪದರಗಳನ್ನು ಫೆವಿಕಾಲಿನಿಂದ ಅಂಟಿಸಿ, ಭಾರವಾದ ನಿಘಂಟೊಂದನ್ನು ಒಂದು ರಾತ್ರಿ ಮೇಲಿಟ್ಟರೆ ರಟ್ಟು ಸೊಟ್ಟಗಾಗದು. (ನಿಘಂಟು ನನಗೆ ಇಷ್ಟೊಂದು ಉಪಯೋಗಕ್ಕೆ ಬಂದುದು ಬೇರೆ ಯಾವ ಸಂದರ್ಭದಲ್ಲಿಯೂ ಇಲ್ಲ.)

ಮಾಡಿನ ಕೆಲಸವೇ ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಾಡೆಲ್ಲ ಹಬ್ಬಿದ ಆ ಹೆಂಚಿನ ಉದ್ದ ಸುಮಾರು 400 ಮಿ.ಮೀ.; ಭಾಗಿಸಿದರೆ ಐದು ಮಿಲಿಮೀಟರಿಗೂ ಕಡಮೆ, ಅದರಲ್ಲಿಯೂ ಸ್ವಲ್ಪ ಭಾಗ ಮೇಲಿನ ಹೆಂಚಿನ ಅಡಿಯಲ್ಲಿ ಮರೆಯಾಗತಕ್ಕದ್ದು. ಅವನ್ನು ಬಿಡಿಬಿಡಿಯಾಗಿ ಕತ್ತರಿಸುವುದು ಹುಚ್ಚು. ದಪ್ಪ ಡ್ರಾಯಿಂಗ್ ಕಾಗದವನ್ನು ಪಟ್ಟಿಗಳಾಗಿ ಸೀಳಿ, ಕೆಳಅಂಚಿನಲ್ಲಿ ಹೆಂಚಿನ ಅಗಲಕ್ಕೊಂದರಂತೆ ಕಚ್ಚು ಮಾಡಿ, ನಿಜವಾದ ಕೆಲಸಗಾರನು ರೀಪಿನ ಮೇಲೆ ಹೊದಿಸುವಂತೆಯೇ ಸೂರಿನಿಂದ ಆರಂಭಿಸಿ ಮೇಲಕ್ಕೆ ಒಂದರ ಮೇಲೊಂದನ್ನು ಅಂಟಿಸುತ್ತ ಹೋಗುವುದು ವಿವೇಕ. ಬಣ್ಣ ಬಳಿಯುವಾಗ ಕೆಂಪನ್ನು ನಂಬಬಾರದು. ಮಲೆನಾಡಿನ ನಾಲ್ಕು ಮಳೆಗಾಲ ಕಂಡ ಹೆಂಚು ಕಪ್ಪು, ಕಂದು, ಪಾಚಿಯ ಹಸುರು ಇವುಗಳ ನಡುವೆ ಎಲ್ಲೋ ಒಂದಿಷ್ಟು ಕೆಂಪನ್ನು ನೆನಪಿನಂತೆ ಉಳಿಸಿಕೊಂಡಿರುತ್ತದೆ.

ಈ ಬಗೆಯ ತಾಳ್ಮೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಂ ಎಂಬ ಹಳ್ಳಿಯಲ್ಲಿರುವ ಪೆಂಡನ್ ಸಂಗ್ರಹಾಲಯಕ್ಕೆ ಹೋಗಬೇಕು. 1925ರಲ್ಲಿ ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣನು, ಅಲ್ಲಿಯ ಹುಲ್ಲು ಮಾಡಿನ ಮನೆಗಳು ತನ್ನ ಕಣ್ಣೆದುರಿನಲ್ಲಿಯೇ ರೂಪಗೆಡುತ್ತಿರುವುದನ್ನು ಕಂಡು, ಅವನ್ನು ಉಳಿಸುವ ಶಕ್ತಿ ತನಗಿಲ್ಲದಿದ್ದರೂ ಅಳತೆಗೆ ತಕ್ಕಂತೆ ಮರಳಿ ಕಟ್ಟಿಡುವ ಶಕ್ತಿಯಿದೆಯೆಂದು ನಿಶ್ಚಯಿಸಿ, ರಟ್ಟಿನ ಗೋಡೆಯ ಇಟ್ಟಿಗೆಗಳಿಗೆ ಒಂದೊಂದಾಗಿ ಬಣ್ಣವಿಟ್ಟು, ಕೊಳಾಯಿ ಕೆಲಸದವರು ಬಳಸುವ ನಾರಿನಿಂದ ಹುಲ್ಲು ಹೊದಿಸಿ, ಒಂದು ಇಡೀ ಕಣಿವೆಯನ್ನೇ ಚಿಕ್ಕದಾಗಿ ಕಟ್ಟುವ ಕಾರ್ಯಕ್ಕೆ ತನ್ನ ಆಯುಷ್ಯವನ್ನು ಮುಡಿಪಿಟ್ಟನು.

ಇಷ್ಟರವರೆಗೆ ಎಲ್ಲವೂ ಭಾಗಾಕಾರ. ದೀಪ ಹಚ್ಚುವಲ್ಲಿ ಮಾತ್ರ ನಾನು ಸೋತೆನು.

ಹಿಂದೆ ಗೋಧಿಕಾಳಿನಷ್ಟು ಚಿಕ್ಕದಾದ ತಂತುವಿನ ಬಲ್ಬುಗಳನ್ನು ಬಳಸುತ್ತಿದ್ದರು; ಅವುಗಳ ಕಾವಿಗೆ ಪ್ಲಾಸ್ಟಿಕ್ಕಿನ ಮನೆಗಳು ಸೊಟ್ಟಗಾಗುತ್ತಿದ್ದುದುಂಟು. ಈಗ ಎಲ್‌ಇಡಿಗಳು ಬಂದು ಆ ಚಿಂತೆಯನ್ನು ಕಳೆದಿವೆ. ವಿದ್ಯುತ್ತನ್ನು ಹಳಿಯಿಂದಲೇ ಪಡೆಯಬಾರದೆ ಎಂದು ಕೇಳುವವರುಂಟು: ಸಾಮಾನ್ಯ ಡಿಸಿ ವ್ಯವಸ್ಥೆಯಲ್ಲಿ ರೈಲಿನ ವೇಗದೊಡನೆ ಹಳಿಯ ವೋಲ್ಟೇಜು ಏರಿಳಿಯುವುದರಿಂದ, ಹಾಗೆ ಮಾಡಿದರೆ ಗಾಡಿ ಬಂದು ನಿಂತ ಕೂಡಲೆ ನಿಲ್ದಾಣವೇ ಕತ್ತಲಾದೀತು. ಆದುದರಿಂದ ದೀಪಗಳಿಗೆ ಬೇರೆಯೇ ಆದ 12 ವೋಲ್ಟಿನ ಸರಬರಾಜು ಬೇಕು. ಬಿಳಿಯ ಎಲ್‌ಇಡಿಯು ಅದರಲ್ಲಿ ಸುಮಾರು ಮೂರು ವೋಲ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಉಳಿದ ಒಂಬತ್ತನ್ನು ಹೊರುವುದಕ್ಕೆ ಒಂದೊಂದು ದೀಪಕ್ಕೂ ಒಂದೊಂದು ರೆಸಿಸ್ಟರನ್ನು ಸರಣಿಯಲ್ಲಿ ಬೆಸೆಯಬೇಕು. ಸಾವಿರ ಓಮಿನದಾದರೆ ಒಂಬತ್ತು ಮಿಲಿಆಂಪಿಯರ್ ಹರಿಯುತ್ತದೆ. ಪುಸ್ತಕದ ಲೆಕ್ಕ ಇದು, ತಪ್ಪಿಲ್ಲದ ಲೆಕ್ಕ.

ನಾನು ಹಾಗೆಯೇ ಬೆಸೆದು, ರಾತ್ರಿ ಕೋಣೆಯ ದೀಪವಾರಿಸಿ ಸ್ವಿಚ್ಚು ಒತ್ತಿದಾಗ ಗೋಡೆಗಳೇ ಪಾರದರ್ಶಕವಾದವು! ರಟ್ಟಿನ ಮೂಲಕ ಬೆಳಕು ಹಾಯ್ದು ಕಟ್ಟಡವೆಲ್ಲ ಗೂಡುದೀಪದಂತೆ ಹೊಳೆಯಿತು. ಮಾಡಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟಿದ್ದ ಸಂದಿನಲ್ಲಿ ಬೆಂಕಿಯ ಗೆರೆಯೊಂದು ಎದ್ದಿತು. ಇದಕ್ಕೆ ಮದ್ದು ಒಳಗೋಡೆಗೆ ಕಪ್ಪು ಬಳಿದು, ಅದರ ಮೇಲೆ ಸುಣ್ಣದ ಬಿಳುಪನ್ನು ಕೊಡುವುದು, ಸಂದುಗಳನ್ನು ಕಪ್ಪು ಕಾಗದದ ಪಟ್ಟಿಯಿಂದ ಮುಚ್ಚುವುದು. ಕೋಣೆಗಳ ನಡುವೆ ಅಡ್ಡಗೋಡೆ ಇರಲೇಬೇಕು. ಇಲ್ಲವಾದರೆ ಟಿಕೆಟ್ ಕೋಣೆಯ ದೀಪ ಉಗ್ರಾಣದ ಕಿಟಕಿಯಲ್ಲಿಯೂ ಇಣುಕುತ್ತದೆ.

ಇವೆಲ್ಲವನ್ನೂ ಮಾಡಿದ ಮೇಲೆ, ಮೀಟರ್‌ಗೇಜಿನ ಕಾಲದಲ್ಲಿ ಸಣ್ಣ ನಿಲ್ದಾಣಗಳ ಮಾಸ್ತರರಾಗಿದ್ದು ನಿವೃತ್ತರಾದ ನೆರೆಮನೆಯ ಹಿರಿಯರನ್ನು ಕರೆದು ತೋರಿಸಿದೆನು. ಅವರು ಕನ್ನಡಕವನ್ನು ಹಣೆಗೇರಿಸಿ, ಮೇಜಿನ ಅಂಚಿಗೆ ಗಲ್ಲವೂರಿ, ಬಹಳ ಹೊತ್ತು ನೋಡಿ ಹೇಳಿದರು:

“ಏನ್ ಸ್ವಾಮಿ, ನಮ್ಮ ಸ್ಟೇಷನ್ನಲ್ಲಿ ಮದುವೆ ಇಟ್ಕೊಂಡಿದೀರಾ?”

ನಾನು ನಕ್ಕೆನು. ಅವರು ನಗಲಿಲ್ಲ.

“ಟಿಕೆಟ್ ಕಿಟಕಿ ಹತ್ರ ಒಂದು ಲಾಂದ್ರ, ಪ್ಲಾಟ್‌ಫಾರಂ ಮೇಲೆ ಒಂದು. ಗಾಡಿ ಹೋದಮೇಲೆ ಅದರ ಬತ್ತೀನೂ ಇಳಿಸ್ತಿದ್ವಿ. ಸೀಮೆಎಣ್ಣೆಗೆ ಲೆಕ್ಕ ಕೊಡ್ಬೇಕಲ್ಲ!”

ಅವರು ಹೋದ ಮೇಲೆ ಕಾಗದ ಹಿಡಿದು ಕುಳಿತಾಗ ನನ್ನ ತಪ್ಪಿನ ಮೂಲ ಹೊಳೆಯಿತು. ದೀಪಕ್ಕೂ ಗೋಡೆಗೂ ಇರುವ ದೂರ 87ರಲ್ಲಿ ಒಂದು ಪಾಲಾದಾಗ, ಅದೇ ದೀಪದ ಬೆಳಕು ಆ ಗೋಡೆಯ ಮೇಲೆ 87ರ ವರ್ಗದಷ್ಟು, ಎಂದರೆ 7569 ಪಟ್ಟು ಪ್ರಖರವಾಗಿ ಬೀಳುತ್ತದೆ. ಉದ್ದವನ್ನು ಭಾಗಿಸಿದ ಸಂಖ್ಯೆಯಿಂದ ಬೆಳಕನ್ನು ಭಾಗಿಸಲಾಗದು. ಹೋಗಲಿ, 7569ರಿಂದಲೇ ಭಾಗಿಸೋಣವೆಂದರೆ, ನೋಡುವವನ ಕಣ್ಣು ಮಲೆನಾಡಿನ ಕಗ್ಗತ್ತಲೆಗೆ ಒಗ್ಗಿದ ಕಣ್ಣಲ್ಲ, ಬೀದಿದೀಪದ ಬೆಳಕು ಒಳನುಗ್ಗುವ ಪಟ್ಟಣದ ಕೋಣೆಯಲ್ಲಿ ಮಿಟುಕುತ್ತಿರುವ ಕಣ್ಣು. ಇಲ್ಲಿ ಗಣಿತ ಹಿಂದೆ ಸರಿದು ರುಚಿ ಮುಂದೆ ಬರಬೇಕಾಗುತ್ತದೆ, ಅಡುಗೆಗೆ ಉಪ್ಪು ಹಾಕುವಾಗ ಆಗುವಂತೆ.

ಸಾವಿರ ಓಮಿನ ಜಾಗದಲ್ಲಿ ಹತ್ತು ಸಾವಿರದ್ದನ್ನು ಹಾಕಿದೆನು. ಒಂದು ಮಿಲಿಆಂಪಿಯರಿಗಿಂತ ಕಡಮೆ ಹರಿದರೂ ದೀಪ ಧಾರಾಳವಾಗಿಯೇ ಉರಿಯಿತು. ಇಪ್ಪತ್ತೆರಡು ಸಾವಿರದ್ದು ಸರಿಹೋಯಿತು. ಎಲ್‌ಇಡಿಯ ಮೂತಿಗೆ ಗಾಜಿಗೆ ಬಳಿಯುವ ಹಳದಿ ಬಣ್ಣದ ಮೇಲೆ ಒಂದು ತೊಟ್ಟು ಕಿತ್ತಳೆ ಬಣ್ಣ ತಾಗಿಸಿ, ಕಿಟಕಿಗೆ ಬೆಣ್ಣೆಕಾಗದ ಹಚ್ಚಿ, ಉಗ್ರಾಣದ ದೀಪದ ತಂತಿಯನ್ನು ಕತ್ತರಿಸಿಯೇಬಿಟ್ಟೆನು. ಕತ್ತಲಾದ ಆ ಕಿಟಕಿಯಿಂದಾಗಿ ಪಕ್ಕದ ಕಿಟಕಿಗೆ ಬಂದ ಕಳೆಯನ್ನು ಯಾವ ದೀಪವೂ ತರಲಾರದಾಗಿತ್ತು.

ಮಾಸ್ತರರು ಮತ್ತೊಂದು ಸಂಜೆ ಬಂದರು. ಈ ಸಲ ಕನ್ನಡಕ ಹಣೆಗೇರಲಿಲ್ಲ. ನಿಲ್ದಾಣದ ವಿಷಯವಾಗಿ ಒಂದು ಮಾತನ್ನೂ ಆಡದೆ, ಮೇಜಿನ ಇನ್ನೊಂದು ತುದಿಗೆ ಕೈತೋರಿಸಿ, “ಹೋಂ ಸಿಗ್ನಲ್ಲಿಗೆ ದೀಪ ಹಚ್ಚಿಲ್ಲ. ಡ್ರೈವರು ಆಚೇಲೇ ನಿಲ್ಲಿಸ್ತಾನೆ,” ಎಂದರು. ಒಂದೂವರೆ ಮಿಲಿಮೀಟರ್ ದಪ್ಪದ ಆ ಕಂಬದೊಳಗೆ ತಂತಿಯನ್ನು ಹಾಯಿಸುವ ಬಗೆಯನ್ನು ನಾನಿನ್ನೂ ಹುಡುಕುತ್ತಿದ್ದೇನೆ.